ಮೊದಲು ಕಾಯಬೇಕು, ಆಮೇಲೆ ಅಳೆಯಬೇಕು

ಜುಲೈ ತಿಂಗಳ ಬೆಳಗಿನ ಹೊತ್ತು, ಖಾನಾಪುರ ತಾಲ್ಲೂಕಿನ ಜಾಂಬೋಟಿಯಲ್ಲೋ ಕಣಕುಂಬಿಯಲ್ಲೋ ಒಂದು ಬೈಕು ಸ್ಟಾರ್ಟ್ ಆಗುತ್ತದೆ ಎಂದುಕೊಳ್ಳಿ. ರಾತ್ರಿಯಿಡೀ ಹೊಯ್ದ ಮಳೆಗೆ ಎಂಜಿನ್ ತಣ್ಣಗೆ ಕೊರೆಯುತ್ತಿದೆ. ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಕೊಳವೆಯಲ್ಲಿ ಹೆಬ್ಬೆರಳ ಗಾತ್ರದ ಆಕ್ಸಿಜನ್ ಸೆನ್ಸಾರ್ ಕೂತಿದೆ. ಉರಿದ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ನೋಡಿ, ಪೆಟ್ರೋಲ್ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ತಿಳಿಸುವುದು ಅದರ ಕೆಲಸ. ಆದರೆ ಎಂಜಿನ್ ಸದ್ದು ಮಾಡಿದ ಕೂಡಲೇ ಎಂಜಿನ್ನನ್ನು ನಿಯಂತ್ರಿಸುವ ಗಾಡಿಯ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ಕೇಳಲು ಹೋಗುವುದಿಲ್ಲ. ತನ್ನಲ್ಲಿ ಮೊದಲೇ ಬರೆದಿಟ್ಟ ಲೆಕ್ಕದ ಮೇಲೆ ಪೆಟ್ರೋಲ್ ಬಿಡುತ್ತದೆ. ಸೆನ್ಸಾರ್ ಕೆಟ್ಟಿಲ್ಲ, ಅದಿನ್ನೂ ಕಾದಿಲ್ಲ ಅಷ್ಟೆ.

2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಬಂದ ಮೇಲೆ, ಅಲ್ಲಿಯವರೆಗೆ ಹೆಚ್ಚಾಗಿ ಕಾರುಗಳಲ್ಲಿದ್ದ ಈ ಸೆನ್ಸಾರ್ ಹಾಲು ಹಾಕುವವರ ಬೈಕಿಗೂ ಕಾಲೇಜು ಹುಡುಗಿಯ ಸ್ಕೂಟರಿಗೂ ಬಂತು. ಇವತ್ತು ಬೆಳಗಾವಿಯ ಸಣ್ಣ ಗ್ಯಾರೇಜಿನಲ್ಲೂ ಸ್ಕ್ಯಾನರ್ ಇದೆ, ‘ಓ ಟು ಸೆನ್ಸಾರ್’ ಎಂಬ ಮಾತಿದೆ. ಸೆನ್ಸಾರ್ ಎಂದರೆ ಅನಿಲವನ್ನು ಮೂಸಿ ನೋಡಿ ಹೇಳಿಬಿಡುವ ಸಾಮಾನು ಎಂಬ ನಂಬಿಕೆಯೂ ಜೊತೆಗೇ ಬಂದಿದೆ. ಈ ನಂಬಿಕೆಯಲ್ಲಿ ಅರ್ಧ ವಿಷಯ ಬಿಟ್ಟುಹೋಗುತ್ತದೆ. ಈ ಜಾತಿಯ ಸೆನ್ಸಾರ್ ಮೊದಲಿಗೆ ಒಂದು ಪುಟ್ಟ ಕುಲುಮೆ, ಆಮೇಲೆ ಒಂದು ಉಷ್ಣಮಾಪಕ, ಇವೆರಡೂ ಸರಿಯಾಗಿದ್ದರೆ ಮಾತ್ರ ಅನಿಲಮಾಪಕ.

ಅದರೊಳಗಿರುವುದು ಜಿರ್ಕೋನಿಯಾ ಎಂಬ ಬಿಳಿ ಸೆರಾಮಿಕ್. ಶುದ್ಧ ಜಿರ್ಕೋನಿಯಾಕ್ಕೆ ಸ್ವಲ್ಪ ಇಟ್ರಿಯಾ ಬೆರೆಸಿ ಸುಟ್ಟಾಗ, ನಾಲ್ಕು ಧನ ಆವೇಶದ ಜಿರ್ಕೋನಿಯಂ ಇರಬೇಕಾದ ಕಡೆ ಮೂರೇ ಆವೇಶದ ಇಟ್ರಿಯಂ ಹೋಗಿ ಕೂರುತ್ತದೆ. ಲೆಕ್ಕ ಸರಿದೂಗಬೇಕಲ್ಲ? ಹೀಗೆ ಸೇರಿದ ಎರಡೆರಡು ಇಟ್ರಿಯಂಗೆ ಒಂದರಂತೆ ಆಮ್ಲಜನಕದ ಜಾಗ ಖಾಲಿ ಬೀಳುತ್ತದೆ. ಪಕ್ಕದ ಆಮ್ಲಜನಕ ಅಯಾನು ಆ ಖಾಲಿ ಜಾಗಕ್ಕೆ ಜಿಗಿಯಬಹುದು, ಅದು ಬಿಟ್ಟ ಜಾಗಕ್ಕೆ ಮತ್ತೊಂದು. ಹೀಗೆ ಗಟ್ಟಿ ವಸ್ತುವಿನೊಳಗೇ ಅಯಾನುಗಳ ಓಡಾಟ ನಡೆಯುತ್ತದೆ. ಇದನ್ನೇ ಘನ ಎಲೆಕ್ಟ್ರೋಲೈಟ್ ಎನ್ನುತ್ತಾರೆ. ಆದರೆ ಜಿಗಿಯಲು ಕಸುವು ಬೇಕು, ಅದು ಬಿಸಿಯಿಂದಲೇ ಬರಬೇಕು. ಕೋಣೆಯ ಉಷ್ಣತೆಯಲ್ಲಿ ಜಿರ್ಕೋನಿಯಾ ಪಿಂಗಾಣಿಯಷ್ಟೇ ಒಳ್ಳೆಯ ಅವಾಹಕ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಂದಿಷ್ಟು ಚಲನೆ ಶುರುವಾಗುತ್ತದೆ. 700ಕ್ಕೆ ಬರುವಷ್ಟರಲ್ಲಿ ಅದರ ವಾಹಕತೆ 300ರಲ್ಲಿದ್ದುದಕ್ಕಿಂತ ಸಾವಿರಾರು ಪಟ್ಟು ಏರಿರುತ್ತದೆ.

ಇದನ್ನು ಮೊದಲು ಕೆಲಸಕ್ಕೆ ಹಚ್ಚಿದವರು ಜರ್ಮನಿಯ ವಾಲ್ಟರ್ ನರ್ನ್‌ಸ್ಟ್. ಅವರು ಹೊರಟದ್ದು ಸೆನ್ಸಾರ್ ಮಾಡಲು ಅಲ್ಲ, ದೀಪ ಮಾಡಲು. 1890ರ ದಶಕದ ಕೊನೆಗೆ ಗೊಟಿಂಗೆನ್‌ನಲ್ಲಿ ಜಿರ್ಕೋನಿಯಾ ಮತ್ತು ಇಟ್ರಿಯಾದ ಸಣ್ಣ ಕಡ್ಡಿಯಲ್ಲಿ ಕರೆಂಟು ಹರಿಸಿ ಅದನ್ನು ಬೆಳ್ಳಗೆ ಬೆಳಗಿಸಿದರು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ದೀಪ ಜಗಮಗಿಸಿತು. ಸ್ವಿಚ್ ಹಾಕಿದರೆ ಮಾತ್ರ ಅದು ಹತ್ತುತ್ತಿರಲಿಲ್ಲ. ಮೊದಲು ಕಡ್ಡಿಯನ್ನು ಹೊರಗಿನಿಂದ ಕಾಯಿಸಬೇಕಿತ್ತು. ಅದಕ್ಕಾಗಿ ಪಕ್ಕದಲ್ಲೇ ಪ್ಲಾಟಿನಂ ತಂತಿಯ ಹೀಟರ್ ಇಟ್ಟರು. ಕಡ್ಡಿ ಕಾದು ಕರೆಂಟು ಹರಿಯತೊಡಗಿದ ಮೇಲೆ ಇನ್ನೊಂದು ಆಪತ್ತು: ಬಿಸಿಯಾದಷ್ಟೂ ಅದರ ರೋಧ ಇಳಿಯುತ್ತದೆ, ರೋಧ ಇಳಿದಷ್ಟೂ ಕರೆಂಟು ಏರುತ್ತದೆ, ಕರೆಂಟು ಏರಿದಷ್ಟೂ ಇನ್ನೂ ಬಿಸಿ. ಬಿಟ್ಟರೆ ಕಡ್ಡಿಯೇ ಸುಟ್ಟುಹೋಗುವ ಸರಣಿ ಇದು. ಅದನ್ನು ತಡೆಯಲು ಕಡ್ಡಿಯ ಜೊತೆ ಸಾಲಿನಲ್ಲಿ, ಹೈಡ್ರೋಜನ್ ತುಂಬಿದ ಗಾಜಿನೊಳಗೆ ಕಬ್ಬಿಣದ ತಂತಿ ಸೇರಿಸಿದರು. ಕಬ್ಬಿಣದ ಗುಣ ತದ್ವಿರುದ್ಧ, ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಹೀಟರ್ ಹಾಕುವುದು, ಹಾಕಿದ ಮೇಲೆ ಬಿಸಿಗೆ ಕಡಿವಾಣ ಹಾಕುವುದು, ಈ ಎರಡೂ ಸಮಸ್ಯೆಗಳು ಆ ದೀಪದಲ್ಲೇ ಇದ್ದವು. ಇವತ್ತಿನ ಸೆನ್ಸಾರಿನಲ್ಲಿ ಇರುವುದೂ ಅವೇ.

ದೀಪ ಹೋಯಿತು, ಕಡ್ಡಿಯ ಗುಟ್ಟು ಉಳಿಯಿತು. ಖಾಲಿ ಜಾಗಗಳ ಮೂಲಕ ಆಮ್ಲಜನಕವೇ ಚಲಿಸುತ್ತದೆ ಎಂದು ಕಾರ್ಲ್ ವ್ಯಾಗ್ನರ್ 1943ರಲ್ಲಿ ವಿವರಿಸಿದರು. 1961ರ ಹೊತ್ತಿಗೆ ಅಮೆರಿಕದ ವೆಸ್ಟಿಂಗ್‌ಹೌಸ್‌ನ ಸಂಶೋಧಕರು ಇದರಿಂದ ಆಮ್ಲಜನಕ ಮಾಪಕ ಮಾಡಿ ತೋರಿಸಿದರು. 1976ರಲ್ಲಿ ಲ್ಯಾಂಬ್ಡಾ ಸೆನ್ಸಾರ್ ಎಂಬ ಹೆಸರಿನಲ್ಲಿ ಬಾಷ್ ಕಂಪನಿಯ ಆಮ್ಲಜನಕ ಸೆನ್ಸಾರ್ ವೋಲ್ವೊ ಕಾರಿನಲ್ಲಿ ರಸ್ತೆಗೆ ಬಂತು. ಆ ಮೊದಲ ಸೆನ್ಸಾರಿಗೆ ಹೀಟರ್ ಇರಲಿಲ್ಲ, ಹೊಗೆಯ ಬಿಸಿಯಿಂದಲೇ ಕಾಯಬೇಕಿತ್ತು. 1982ರಲ್ಲಿ ಹೀಟರ್ ಸೇರಿಸಿದರು. ಗಾಡಿ ಅತಿ ಹೆಚ್ಚು ಕೆಟ್ಟ ಹೊಗೆ ಬಿಡುವುದು ಸ್ಟಾರ್ಟ್ ಆದ ಮೊದಲ ಒಂದೆರಡು ನಿಮಿಷದಲ್ಲೇ. ಆಗಲೇ ಸೆನ್ಸಾರ್ ಸುಮ್ಮನೆ ಕೂತರೆ ಅದನ್ನು ಇಟ್ಟ ಉದ್ದೇಶವೇ ಅರ್ಧ ವ್ಯರ್ಥ.

ಇಲ್ಲಿ ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ಒಂದು ಸಂಖ್ಯೆ ನೆನಪಿಸುತ್ತೇನೆ: 0.059. ನರ್ನ್‌ಸ್ಟ್ ಸಮೀಕರಣ ಎಂದರೆ ಈ 0.059 ಎಂದೇ ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಬಹಳ ಜನಕ್ಕೆ ಹೊಳೆಯುವುದಿಲ್ಲ. 298 ಕೆಲ್ವಿನ್, ಅಂದರೆ 25 ಡಿಗ್ರಿ ಉಷ್ಣತೆಯನ್ನು ಸೂತ್ರದೊಳಗೆ ಮುಚ್ಚಿಟ್ಟು ತೆಗೆದ ಸಂಖ್ಯೆ ಅದು. ಪ್ರಯೋಗಶಾಲೆಯ ಬೀಕರಿನಲ್ಲಿ ಉಷ್ಣತೆ ಬದಲಾಗದ ಕಾರಣ ಮುಚ್ಚಿಟ್ಟರೂ ನಡೆಯುತ್ತದೆ. ಜಿರ್ಕೋನಿಯಾ ಸೆನ್ಸಾರಿನಲ್ಲಿ ಆ ಮುಚ್ಚಳ ತೆಗೆಯಲೇಬೇಕು. ಸೆರಾಮಿಕ್ಕಿನ ಒಂದು ಮುಖಕ್ಕೆ ಹೊರಗಿನ ಗಾಳಿ, ಇನ್ನೊಂದಕ್ಕೆ ಹೊಗೆ. ಎರಡೂ ಕಡೆಯ ಆಮ್ಲಜನಕದ ಪ್ರಮಾಣದಲ್ಲಿ ವ್ಯತ್ಯಾಸವಿದ್ದರೆ ನಡುವೆ ವೋಲ್ಟೇಜ್ ಹುಟ್ಟುತ್ತದೆ. ಆ ವೋಲ್ಟೇಜ್ ಎರಡು ಸಂಗತಿಗಳಿಂದ ಆಗಿರುತ್ತದೆ: ಆಮ್ಲಜನಕದ ಅನುಪಾತ ಒಂದು, ಕೆಲ್ವಿನ್ನಿನಲ್ಲಿ ಸೆರಾಮಿಕ್ಕಿನ ಉಷ್ಣತೆ ಇನ್ನೊಂದು. ಉಷ್ಣತೆ ಗೊತ್ತಿಲ್ಲದಿದ್ದರೆ ವೋಲ್ಟೇಜ್ ನೋಡಿ ಆಮ್ಲಜನಕ ಹೇಳಲು ಬರುವುದಿಲ್ಲ.

ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಂಥ ಕಡೆ ಈ ಲೆಕ್ಕ ತಪ್ಪಿದರೆ ಎಷ್ಟು ದುಬಾರಿ ಎಂದು ನೋಡಬಹುದು. ಕಬ್ಬು ಅರೆದು ಉಳಿದ ಬಗ್ಯಾಸ್ ಉರಿಸುವ ಬಾಯ್ಲರಿಗೆ ಗಾಳಿ ಹೆಚ್ಚಾದರೆ ಬಿಸಿಯೆಲ್ಲ ಚಿಮಣಿ ಪಾಲು, ಕಡಿಮೆಯಾದರೆ ಅರೆಬೆಂದ ಹೊಗೆ. ಗಾಳಿಯನ್ನು ಹದಕ್ಕೆ ತರಲು ಹೊಗೆ ಹಾಯುವ ದಾರಿಯಲ್ಲಿ ಜಿರ್ಕೋನಿಯಾ ಪ್ರೋಬ್ ಇಡುವುದು ರೂಢಿ. ಇಂಥ ಪ್ರೋಬುಗಳಲ್ಲಿ ಹೆಸರುವಾಸಿಯಾದ ಒಂದು ಜಾತಿ ತನ್ನ ಸೆರಾಮಿಕ್ಕನ್ನು 736 ಡಿಗ್ರಿಯಲ್ಲಿ ಹಿಡಿದಿಡುತ್ತದೆ. ಈ 736 ಯಾಕೆ? ಸೂತ್ರದಲ್ಲಿ ಆ ಉಷ್ಣತೆ ಹಾಕಿ ನೋಡಿ. ಆಮ್ಲಜನಕ ಹತ್ತು ಪಟ್ಟು ಬದಲಾದರೆ ವೋಲ್ಟೇಜ್ ಹೆಚ್ಚುಕಡಿಮೆ 50 ಮಿಲಿವೋಲ್ಟ್ ಬದಲಾಗುತ್ತದೆ. ಲೆಕ್ಕಕ್ಕೆ ಇಷ್ಟು ಒಗ್ಗುವ ಇನ್ನೊಂದು ಅಂಕಿ ಸಿಗುವುದು ಕಷ್ಟ.

ಈಗ ಹೀಟರ್ ಸೊರಗಿ ಪ್ರೋಬ್ 636 ಡಿಗ್ರಿಗೆ ಇಳಿದಿದೆ, ಮೀಟರಿಗೆ ಅದು ಗೊತ್ತಿಲ್ಲ ಎಂದುಕೊಳ್ಳೋಣ. ಹೊಗೆಯಲ್ಲಿ ನಿಜವಾಗಿ ಇರುವುದು ಶೇ 4ರಷ್ಟು ಆಮ್ಲಜನಕ. 736ರಲ್ಲಿ ಬರಬೇಕಾದದ್ದು ಸುಮಾರು 36 ಮಿಲಿವೋಲ್ಟ್, ಈಗ ಬರುವುದು 32 ಚಿಲ್ಲರೆ. ಮೀಟರು ಇದನ್ನು ಶೇ 4.7 ಎಂದು ತೋರಿಸುತ್ತದೆ. ಗಾಳಿ ಜಾಸ್ತಿಯಾಗಿದೆ ಎಂದು ಆಪರೇಟರ್ ಗಾಳಿಯ ಡ್ಯಾಂಪರ್ ಇಳಿಸುತ್ತಾರೆ. ಅವರ ತಪ್ಪೇನಿಲ್ಲ, ಸೆನ್ಸಾರಿನ ಅನಿಲದ ಭಾಗದ ತಪ್ಪೂ ಇಲ್ಲ. ಸುಳ್ಳು ಹೇಳಿದ್ದು ಉಷ್ಣತೆ. ಅದಕ್ಕೇ ಒಳ್ಳೆಯ ಪ್ರೋಬುಗಳಲ್ಲಿ ಸೆರಾಮಿಕ್ಕಿಗೆ ಅಂಟಿಕೊಂಡಂತೆ, ಉಷ್ಣತೆ ಅಳೆಯುವ ಥರ್ಮೊಕಪಲ್ ಇರುತ್ತದೆ. ಅದು ಹೇಳಿದ್ದನ್ನು ನೋಡಿ ಕಂಟ್ರೋಲರ್ ಹೀಟರಿನ ಕರೆಂಟನ್ನು ಏರಿಸುತ್ತ ಇಳಿಸುತ್ತ ಇರುತ್ತದೆ. ಇದರಲ್ಲಿ ಇನ್ನೊಂದು ಜೋಪಾನವೂ ಬೇಕು. 700 ಡಿಗ್ರಿಗೂ ಹೆಚ್ಚು ಕಾದ ವಸ್ತು ಉರಿಯದೆ ಉಳಿದ ಇಂಧನ ಅನಿಲ ತುಂಬಿದ ಜಾಗದಲ್ಲಿದ್ದರೆ ಬೆಂಕಿ ಹೊತ್ತಿಸಬಲ್ಲದು. ಆದ್ದರಿಂದ ಜ್ವಾಲೆ ಹೊರಗೆ ಹಾಯದಂತೆ ತಡೆಯುವ ವ್ಯವಸ್ಥೆ ಇರಬೇಕು, ಕುಲುಮೆಯ ಉರಿ ಆರಿದಾಗ ಹೀಟರನ್ನೂ ಆರಿಸುವ ಕ್ರಮ ಇರಬೇಕು.

ಗಾಡಿಯ ಸೆನ್ಸಾರಿನಲ್ಲಿ ಥರ್ಮೊಕಪಲ್ ಇಡಲು ಜಾಗವೂ ಇಲ್ಲ, ಕಾಸೂ ಇಲ್ಲ. ಅಲ್ಲಿಯ ಉಪಾಯ ನನಗೆ ತುಂಬ ಇಷ್ಟ. ಹೊಸ ಜಾತಿಯ ಸೆನ್ಸಾರುಗಳಲ್ಲಿ ಚಪ್ಪಟೆ ಸೆರಾಮಿಕ್ ಪಟ್ಟಿಯೊಳಗೆ ಅಲ್ಯೂಮಿನಾ ಪದರಗಳ ನಡುವೆ ಹಾವಿನಂತೆ ಸುತ್ತಿದ ಪ್ಲಾಟಿನಂ ಗೆರೆಯನ್ನು ಅಚ್ಚೊತ್ತಿರುತ್ತಾರೆ. ಅದೇ ಹೀಟರ್. ಅಲ್ಯೂಮಿನಾ ಯಾಕೆಂದರೆ ಅದು ಬಿಸಿಯನ್ನು ದಾಟಿಸುತ್ತದೆ, ಕರೆಂಟನ್ನು ತಡೆಯುತ್ತದೆ. (ಬೆಳಗಾವಿಗೆ ಅಲ್ಯೂಮಿನಾ ಹೊಸದಲ್ಲ. ಇಂಡಾಲ್ ಎಂದು ಹಿರಿಯರು ಇವತ್ತಿಗೂ ಕರೆಯುವ ಹಿಂಡಾಲ್ಕೊ ಕಾರ್ಖಾನೆಯಲ್ಲಿ ಬಾಕ್ಸೈಟಿನಿಂದ ಅದನ್ನು ತೆಗೆಯುತ್ತ ಬಂದಿದ್ದಾರೆ, ಸೆರಾಮಿಕ್ ಕೆಲಸಕ್ಕೆ ಬೇಕಾದ ವಿಶೇಷ ಅಲ್ಯೂಮಿನಾವೂ ಅಲ್ಲಿ ತಯಾರಾಗುತ್ತದೆ.) ಪ್ಲಾಟಿನಂ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ತಣ್ಣಗಿರುವಾಗ ಬರೀ ಮೂರು ಓಮ್ ಚಿಲ್ಲರೆ ಇರುವ ಹೀಟರಿಗೆ 12 ವೋಲ್ಟ್ ಪೂರ್ತಿ ಕೊಟ್ಟರೆ ನಾಲ್ಕು ಆಂಪಿಯರ್ ಹತ್ತಿರ ಕರೆಂಟು ನುಗ್ಗುತ್ತದೆ. ಕಾಯುತ್ತ ಹೋದಂತೆ ತನ್ನಷ್ಟಕ್ಕೆ ತಗ್ಗುತ್ತದೆ. ನರ್ನ್‌ಸ್ಟ್ ದೀಪದ ಕಬ್ಬಿಣದ ತಂತಿ ಮಾಡುತ್ತಿದ್ದ ಕೆಲಸದಲ್ಲಿ ಒಂದು ಪಾಲನ್ನು ಹೀಟರೇ ಮಾಡಿಬಿಡುತ್ತದೆ.

ಆದರೆ ಅಷ್ಟು ಸಾಲದು. ಘಾಟಿ ಹತ್ತುವಾಗ ಹೊಗೆಯೇ ಕೆಂಡದಷ್ಟು ಬಿಸಿ, ಸಿಗ್ನಲ್ಲಿನಲ್ಲಿ ನಿಂತಾಗ ಅದು ತಣಿಯುತ್ತದೆ. ಹೊರಗೆ ಏನೇ ಆದರೂ ಒಳಗೆ ಒಂದೇ ಉಷ್ಣತೆ ಇರಬೇಕಾದರೆ ಯಾರಾದರೂ ಅದನ್ನು ನೋಡುತ್ತಿರಬೇಕು. ನೋಡುವುದು ಜಿರ್ಕೋನಿಯಾವೇ. ಉಷ್ಣತೆಯ ಜೊತೆ ಅದರ ರೋಧ ಕಡಿದಾಗಿ ಇಳಿಯುತ್ತದೆ ಎಂದೆನಲ್ಲ, ಆ ಗುಣವನ್ನೇ ಉಷ್ಣಮಾಪಕ ಮಾಡಿಕೊಂಡರು. ಪೆಟ್ರೋಲ್ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದನ್ನೂ ಅಳೆಯುವ ಕಾರುಗಳ ವೈಡ್‌ಬ್ಯಾಂಡ್ ಸೆನ್ಸಾರುಗಳಲ್ಲಿ ಬಹಳ ಬಳಕೆಯಲ್ಲಿರುವ ಬಾಷ್‌ನ ಎಲ್‌ಎಸ್‌ಯು 4.9 ಮಾದರಿಯಲ್ಲಿ, ಸೆರಾಮಿಕ್ಕಿನ ರೋಧ 300 ಓಮ್ ಇದ್ದರೆ ಉಷ್ಣತೆ ಸುಮಾರು 780 ಡಿಗ್ರಿ ಎಂದರ್ಥ. ಇಸಿಯು ಆ 300 ಓಮನ್ನು ಹಿಡಿದಿಡಲು ನೋಡುತ್ತದೆ. ರೋಧ ಏರಿತೋ, ತಣಿಯುತ್ತಿದೆ, ಹೀಟರಿಗೆ ಇನ್ನಷ್ಟು ಕೊಡು. ಇಳಿಯಿತೋ, ಕಡಿಮೆ ಮಾಡು. ರೋಧ ಅಳೆಯಲು ಕಳಿಸುವ ಕರೆಂಟು ಅತಿ ಸಣ್ಣದು, ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವಂಥದ್ದು. ಒಂದೇ ದಿಕ್ಕಿಗೆ ಹರಿಸಿದರೆ ಅದೇ ಆಮ್ಲಜನಕವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳಿ ಅಳತೆ ಕೆಡಿಸುತ್ತದೆ. ಹೀಟರಿಗೆ ಕೊಡುವ ವಿದ್ಯುತ್ತೂ ಹಾಗೇ, ಸೆಕೆಂಡಿಗೆ ನೂರು ಸಲದಷ್ಟು ಹಚ್ಚಿ ಆರಿಸುತ್ತ, ಹಚ್ಚಿಟ್ಟ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿ ಹದಕ್ಕೆ ತರುತ್ತಾರೆ. ಒಂದೇ ಚೂರು ಸೆರಾಮಿಕ್ ಅನಿಲವನ್ನೂ ಹೇಳಿ ತನ್ನ ಬಿಸಿಯನ್ನೂ ತಾನೇ ಹೇಳಿಕೊಳ್ಳುತ್ತದೆ.

ಹಾಗಾದರೆ ಸ್ಟಾರ್ಟ್ ಆದ ತಕ್ಷಣ ಪೂರ್ತಿ ವೋಲ್ಟೇಜ್ ಕೊಟ್ಟು ಕಾಯಿಸಿಬಿಡಬಾರದೇಕೆ? ಹತ್ತು ಸೆಕೆಂಡಿನಲ್ಲಿ ಕಾದುಬಿಡುವ ಶಕ್ತಿ ಈ ಸೆನ್ಸಾರುಗಳಿಗಿದೆ. ಇಲ್ಲೇ ನಮ್ಮ ಖಾನಾಪುರದ ಮಳೆ ಅಡ್ಡ ಬರುತ್ತದೆ. ಮಳೆಯಷ್ಟೇ ಅಲ್ಲ, ಪೆಟ್ರೋಲೂ ನೀರು ಸುರಿಸುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರಾಗುತ್ತದೆ, ಆವಿಯ ರೂಪದಲ್ಲಿ. ಕೊಳವೆ ತಣ್ಣಗಿರುವಾಗ ಆ ಆವಿ ಗೋಡೆಗೆ ಹನಿಯಾಗಿ ಕೂರುತ್ತದೆ, ಹೊಗೆಯ ರಭಸಕ್ಕೆ ಸಿಡಿಯುತ್ತದೆ. ಉರಿಯುವ ಕಂದೀಲಿನ ಗಾಜಿಗೆ ಮಳೆಹನಿ ಬಿದ್ದರೆ ಏನಾಗುತ್ತದೋ, 700 ಡಿಗ್ರಿಯ ಸೆರಾಮಿಕ್ಕಿಗೆ ಆ ಹನಿ ತಗುಲಿದರೂ ಅದೇ ಆಗುತ್ತದೆ. ಒಂದು ಕೂದಲೆಳೆಯ ಬಿರುಕು ಸಾಕು, ಎರಡು ಕಡೆಯ ಗಾಳಿ ಬೆರೆತು ಸೆನ್ಸಾರ್ ಹಾಳು.

ಆದ್ದರಿಂದ ಇಸಿಯು ಮೊದಲು ಹೀಟರಿಗೆ ಎರಡು ವೋಲ್ಟಿಗಿಂತ ಹೆಚ್ಚು ಕೊಡದೆ ಸುಮ್ಮನೆ ಬೆಚ್ಚಗಿಡುತ್ತದೆ. ಎಂಜಿನ್ನಿನ ಉಷ್ಣತೆ, ಓಡಿದ ಹೊತ್ತು, ಒಳಗೆಳೆದ ಗಾಳಿ ಇವನ್ನೆಲ್ಲ ನೋಡಿ ಕೊಳವೆ ಒಣಗಿದೆ ಎಂದು ಅಂದಾಜು ಮಾಡುತ್ತದೆ. ಒಣಗಿದ ಮೇಲೆ ಎಂಟೂವರೆ ವೋಲ್ಟಿನಿಂದ ಶುರು ಮಾಡಿ, ಸೆಕೆಂಡಿಗೆ ಅರ್ಧ ವೋಲ್ಟಿಗೂ ಕಡಿಮೆ ಏರಿಸುತ್ತ ಹೋಗುತ್ತದೆ. ಊರೊಳಗೇ ಹಾಲಿನ ಡೈರಿಗೆ, ಕಿರಾಣಿ ಅಂಗಡಿಗೆ ಅಂತ ಎರಡೆರಡು ನಿಮಿಷ ಓಡಿಸಿ ಆರಿಸುವ ಗಾಡಿಯಲ್ಲಿ ಕೊಳವೆ ಒಣಗುವುದೇ ಇಲ್ಲ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಒಂದಿಷ್ಟು ದೂರ ಓಡಿಸಿ ಎಂದು ಹಳೆಯ ಮೆಕ್ಯಾನಿಕ್ಕುಗಳು ಹೇಳುವ ಮಾತಿಗೆ ಗಟ್ಟಿ ಕಾರಣವಿದೆ. ಹಾಗೆಯೇ ಕಾದ ಗಾಡಿಯನ್ನು ತುಂಬಿದ ಹಳ್ಳಕ್ಕೆ ಇಳಿಸುವುದೂ ಸೆನ್ಸಾರಿಗೆ ಒಳ್ಳೆಯದಲ್ಲ.

ಕಾಯದ ಸೆನ್ಸಾರಿನ ಗುಣವನ್ನು ಬೆಳಗಾವಿಯ ಉದ್ಯಮಬಾಗಿನ ಒಂದು ಗ್ಯಾರೇಜಿನಲ್ಲಿ ಕಣ್ಣಾರೆ ನೋಡಿದೆ. ಚೆಕ್ ಲೈಟ್ ಹತ್ತಿದ ಕಾರು, ಸ್ಕ್ಯಾನರಿನಲ್ಲಿ ಪಿ 0135 ಎಂಬ ಕೋಡು, ಅಂದರೆ ಹೀಟರ್ ಸರ್ಕ್ಯೂಟಿನ ದೋಷ. ಆ ಕಾರಿನ ಸೆನ್ಸಾರ್ ಸಾಮಾನ್ಯ ಜಾತಿಯದು. ಪೆಟ್ರೋಲ್ ಹೆಚ್ಚಿದ್ದರೆ 0.8 ವೋಲ್ಟಿನ ಮೇಲೆ, ಕಡಿಮೆಯಿದ್ದರೆ 0.1ರ ಆಸುಪಾಸು, ಹೀಗೆ ಮೇಲೆ ಕೆಳಗೆ ಕುಣಿಯಬೇಕು. ಪರದೆಯ ಮೇಲಿನ ಗೆರೆ ಕುಣಿಯಲೇ ಇಲ್ಲ, 0.45ರಲ್ಲಿ ಮಲಗಿತ್ತು. ಆ 0.45 ಸೆನ್ಸಾರಿನದಲ್ಲ, ಇಸಿಯು ತಾನೇ ಕೊಟ್ಟಿಟ್ಟ ವೋಲ್ಟೇಜ್. ತಣ್ಣಗಿನ ಸೆರಾಮಿಕ್ಕಿನ ರೋಧ ಎಷ್ಟು ಹೆಚ್ಚೆಂದರೆ ಆ ವೋಲ್ಟೇಜನ್ನು ಅಲುಗಿಸಲೂ ಸೆನ್ಸಾರಿಗೆ ಆಗುವುದಿಲ್ಲ.

“ಸರ, ಸೆನ್ಸಾರ್ ಸತ್ತಿಲ್ರಿ, ಅದಕ್ಕ ಬಿಸಿನ ಬರವಲ್ದು” ಎಂದರು ಮೆಕ್ಯಾನಿಕ್. ಎಂಜಿನ್ನಿನ ವೇಗ ಏರಿಸಿ ಹಿಡಿದರು. ಸ್ವಲ್ಪ ಹೊತ್ತಿಗೆ ಗೆರೆ ಒಮ್ಮೆ ನಡುಗಿ, ನಿಧಾನವಾಗಿ ಏರಿಳಿಯತೊಡಗಿತು. ಹೊಗೆಯ ಬಿಸಿಯೇ ಸೆರಾಮಿಕ್ಕನ್ನು ಎಬ್ಬಿಸಿತ್ತು. ಕಾಲು ತೆಗೆದು ಐಡಲಿಂಗಿಗೆ ಬಿಟ್ಟಾಗ ಕೆಲವೇ ನಿಮಿಷದಲ್ಲಿ ಮತ್ತೆ 0.45ಕ್ಕೆ ಬಂದು ಮಲಗಿತು. ಇಂಥ ಗಾಡಿ ಚೋರ್ಲಾ ಘಾಟಿಯಲ್ಲಿ ಸರಿಯಾಗಿ ಓಡಿ, ಚನ್ನಮ್ಮ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಪೆಟ್ರೋಲ್ ಕುಡಿಯುತ್ತದೆ. ಮಾಲೀಕರಿಗೆ ಅವರೇಜ್ ಯಾಕೆ ಬಿತ್ತು ಎಂದು ತಿಳಿಯುವುದಿಲ್ಲ.

ಆಮೇಲೆ ಅವರು ಕಪ್ಲರ್ ಬಿಚ್ಚಿ ಮಲ್ಟಿಮೀಟರಿನ ಎರಡು ಮೊನೆಗಳನ್ನು ಸೆನ್ಸಾರಿನ ಎರಡು ಬಿಳಿ ತಂತಿಗಳಿಗೆ ಹಿಡಿದರು. ನಾಲ್ಕು ತಂತಿಯ ಸೆನ್ಸಾರುಗಳಲ್ಲಿ ಒಂದೇ ಬಣ್ಣದ ಆ ಜೋಡಿ ಸಾಮಾನ್ಯವಾಗಿ ಹೀಟರಿನದು. ಮೀಟರು ಒಂಬತ್ತು ಓಮ್ ತೋರಿಸಿತು. ಹೀಟರ್ ಗಟ್ಟಿಯಾಗಿತ್ತು, ಹೋಗಿದ್ದು ಫ್ಯೂಸು. ಸಾವಿರಾರು ರೂಪಾಯಿಯ ಸೆನ್ಸಾರ್ ಉಳಿಯಿತು. ಹೀಟರ್ ಕೋಡು ಬಂದ ಕೂಡಲೇ ಸೆನ್ಸಾರ್ ಬಿಚ್ಚಿ ಎಸೆಯುವ ಅಭ್ಯಾಸ ನಮ್ಮಲ್ಲಿ ಬೆಳೆಯುತ್ತಿದೆ, ಅದು ನಿಲ್ಲಬೇಕು. ಮೊದಲು ಫ್ಯೂಸ್, ಆಮೇಲೆ ಕಪ್ಲರ್, ಆಮೇಲೆ ಓಮ್. ಕಪ್ಲರಿನಲ್ಲಿ ನೀರು ಕಂಡರೆ ಒಣಗಿಸಿ, ಆದರೆ ಗ್ರೀಸು, ಸ್ಪ್ರೇ ತುಂಬಬೇಡಿ. ಎಷ್ಟೋ ಸೆನ್ಸಾರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಮ್ಮ ತಂತಿಯ ಎಳೆಗಳ ಸಂದಿನಿಂದಲೇ ಎಳೆದುಕೊಳ್ಳುತ್ತವೆ. ಅದನ್ನು ಮುಚ್ಚಿದರೆ ಹೀಟರ್ ಎಷ್ಟು ಚೆನ್ನಾಗಿದ್ದರೂ ಅಳತೆ ತಪ್ಪುತ್ತದೆ.

ಹೀಟರೇ ಬೇಡದ ಜಾಗಗಳೂ ಇವೆ. ಬೆಳಗಾವಿಯಂಥ ಫೌಂಡ್ರಿ ಊರಿನಲ್ಲಿ ಗೇರು, ಶಾಫ್ಟುಗಳ ಮೈಗೆ ಇಂಗಾಲ ಹಿಡಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಕುಲುಮೆ ಅಪರೂಪದ್ದಲ್ಲ. ಅದರೊಳಗೆ 900 ಡಿಗ್ರಿ ಮೀರಿದ ಬಿಸಿ, ಪ್ರೋಬಿಗೆ ಬೇರೆ ಕಾವು ಯಾಕೆ? 930 ಡಿಗ್ರಿಯ ಆಸುಪಾಸಿನಲ್ಲಿ ಅದು 1100 ಮಿಲಿವೋಲ್ಟಿಗೂ ಹೆಚ್ಚು ಕೊಡುತ್ತದೆ. ಆ ಅಂಕಿ ಹೇಳುವ ಆಮ್ಲಜನಕದ ಪ್ರಮಾಣವನ್ನು ಬರೆಯಲು ದಶಮಾಂಶ ಬಿಂದುವಿನ ನಂತರ ಹತ್ತೊಂಬತ್ತು ಸೊನ್ನೆ ಹಾಕಬೇಕು. ಅಷ್ಟು ಕಡಿಮೆಯನ್ನೂ ಹಿಡಿಯಬಲ್ಲದು ಈ ಸೆರಾಮಿಕ್, ಪಕ್ಕದ ಥರ್ಮೊಕಪಲ್ ಸುಳ್ಳು ಹೇಳದಿದ್ದರೆ.

ಖಾನಾಪುರದ ಮಣ್ಣು, ಅಲ್ಲಿಯ ಹೆಂಚು ಇಟ್ಟಿಗೆ ಮಡಕೆಗಳು ಈ ಭಾಗಕ್ಕೆಲ್ಲ ಗೊತ್ತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಕುಂಬಾರರ ಆವಿಗೆಯಲ್ಲಿ ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ, ಹೊಗೆ ತುಂಬಿಸಿ ಬಾಯಿ ಮುಚ್ಚಿದರೆ ಅದೇ ಮಡಕೆ ಕರಿದಾಗುತ್ತದೆ. ಆಮ್ಲಜನಕವೇ ಇಲ್ಲಿ ಬಣ್ಣ ಹಾಕುವುದು. ಇಂಥ ಭಟ್ಟಿಗೆ ಹೀಟರಿಲ್ಲದ ಜಿರ್ಕೋನಿಯಾ ಪ್ರೋಬ್ ಇಟ್ಟರೆ ಸುಡುವಿಕೆಯ ಕೊನೆಯ ಘಟ್ಟವನ್ನು ಅಳೆಯಬಹುದು. ಮೊದಲ ಹೊಗೆಯ ಹೊತ್ತಿನಲ್ಲಿ, ಭಟ್ಟಿ ಇನ್ನೂ ಆರುನೂರು ಏಳುನೂರು ಡಿಗ್ರಿ ಮುಟ್ಟುವ ಮುಂಚೆ, ಅದರ ಮಾತು ನಂಬುವಂತಿಲ್ಲ. ಉಷ್ಣತೆ ಏರುತ್ತಲೇ ಇರುವುದರಿಂದ ಪ್ರತಿ ಅಳತೆಗೂ ಆ ಕ್ಷಣದ ಡಿಗ್ರಿಯನ್ನು ಸೂತ್ರಕ್ಕೆ ಹಾಕಬೇಕು. ಪಿಯುಸಿ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಥರ್ಮೊಕಪಲ್ಲಿನ ಅಂಕಿಯನ್ನೂ ಪ್ರೋಬಿನ ಮಿಲಿವೋಲ್ಟನ್ನೂ ಬರೆಸಿ ಲೆಕ್ಕ ಹಾಕಿಸಿದರೆ, 0.059ರೊಳಗೆ ಮುಚ್ಚಿಟ್ಟ ಉಷ್ಣತೆ ಅವರಿಗೆ ಒಂದೇ ಮಧ್ಯಾಹ್ನದಲ್ಲಿ ಸಿಕ್ಕೀತು. ಯಾವುದಾದರೂ ಕಾಲೇಜು ಇದನ್ನು ಮಾಡಲಿ ಎಂಬುದು ನನ್ನ ಮನದಾಳದ ಆಸೆ.

ಬೆಳಗಾವಿಯಿಂದ ಗೋವಾ ಕಡೆ ಹೊರಡುವ ಹೊಸ ಡೀಸೆಲ್ ಬಸ್ಸು ಲಾರಿಗಳಲ್ಲಿ ಈಗ ಈ ಜಿರ್ಕೋನಿಯಾ ಸೆನ್ಸಾರಿನ ಮುಂದಿನ ತಲೆಮಾರು ಕೂತಿದೆ. ಯೂರಿಯಾ ದ್ರಾವಣದ ಟ್ಯಾಂಕು ಇರುವ ಬಿಎಸ್ 6 ಗಾಡಿಗಳಲ್ಲಿ ನೈಟ್ರೋಜನ್ ಆಕ್ಸೈಡ್ ಅಳೆಯುವ ನಾಕ್ಸ್ ಸೆನ್ಸಾರಿನೊಳಗೂ ಇದೇ ಜಿರ್ಕೋನಿಯಾ, ಒಂದರ ಹಿಂದೊಂದು ಪುಟ್ಟ ಕೋಣೆಗಳಾಗಿ. ಮೊದಲ ಕೋಣೆ ಹೊಗೆಯಲ್ಲಿನ ಆಮ್ಲಜನಕವನ್ನು ಹೊರಹಾಕುತ್ತದೆ, ಮುಂದಿನದು ನೈಟ್ರೋಜನ್ ಆಕ್ಸೈಡನ್ನು ಒಡೆದು ಅದರಿಂದ ಬಿಡುಗಡೆಯಾದ ಆಮ್ಲಜನಕವನ್ನು ಎಣಿಸುತ್ತದೆ. ಎಣಿಸಬೇಕಾದ ಕರೆಂಟು ಅತ್ಯಂತ ಕ್ಷೀಣ. ಅದಕ್ಕಾಗಿ ಸುಮಾರು 800 ಡಿಗ್ರಿಯ ಕಾವನ್ನು ಇನ್ನೂ ಬಿಗಿಯಾಗಿ ಹಿಡಿಯಬೇಕು. ಕೊಳವೆ ಒಣಗುವ ತನಕ ಹೀಟರನ್ನು ಪೂರ್ತಿ ಹಚ್ಚಬಾರದು ಎಂಬ ಕಟ್ಟಳೆ ಅಲ್ಲಿಯೂ ಉಂಟು. ಡಿಪೋದಿಂದ ನಸುಕಿನಲ್ಲಿ ಹೊರಟ ಬಸ್ಸಿನ ಸೆನ್ಸಾರ್ ಮೊದಲ ಕೆಲವು ನಿಮಿಷ ಅಳತೆ ಕೊಡದಿದ್ದರೆ ಅದನ್ನು ಬಿಚ್ಚುವ ಅಗತ್ಯವಿಲ್ಲ, ಕೊಳವೆ ಒಣಗಿ ಅದು ಕಾಯುವವರೆಗೆ ತಾಳಬೇಕು.